ಗೆದ್ದವರ ಪದಕದಲ್ಲಿ ನಮ್ಮ ಪಾಲು

ಕೆಲಸಕ್ಕೆ ಅರ್ಜಿ ತುಂಬುವಾಗ ‘ಹವ್ಯಾಸಗಳು’ ಎಂಬ ಸಾಲು ಬಂದರೆ ನಮ್ಮಲ್ಲಿ ಹೆಚ್ಚಿನವರು ಪುಸ್ತಕ ಓದುವುದು, ಹಾಡು ಕೇಳುವುದು, ಕ್ರಿಕೆಟ್ ಎಂದು ಬರೆದು ಮುಂದಕ್ಕೆ ಹೋಗುತ್ತೇವೆ. ನಾನು ‘ಯುರೋಪಿನ ಹಳೆಯ ಸ್ಮರಣ ಪದಕಗಳ ಸಂಗ್ರಹ’ ಎಂದು ಬರೆಯುತ್ತೇನೆ. ಓದಿದವರು ಒಮ್ಮೆ ನನ್ನ ಮುಖ ನೋಡುತ್ತಾರೆ, ಒಮ್ಮೆ ವಿಳಾಸ ನೋಡುತ್ತಾರೆ. ಗುಂಡಗುರ್ತಿಯ ತೊಗರಿ ಹೊಲಕ್ಕೂ ಯುರೋಪಿನ ಪದಕಕ್ಕೂ ಎಲ್ಲಿಯ ಸಂಬಂಧ ಎಂಬ ಪ್ರಶ್ನೆ ಅವರ ಕಣ್ಣಲ್ಲೇ ಇರುತ್ತದೆ. ಸಂಬಂಧ ಇದೆ, ಅದೂ ಸಣ್ಣದಲ್ಲ.

ನಾಣ್ಯದಿಂದ ಸಾಮಾನು ಕೊಳ್ಳಬಹುದು, ಸ್ಮರಣ ಪದಕದಿಂದ ಏನೂ ಕೊಳ್ಳಲಾಗದು. ಪಟ್ಟಾಭಿಷೇಕ, ಯುದ್ಧ, ಒಪ್ಪಂದ, ರಾಜಮನೆತನದ ಮದುವೆ ಜನರ ನೆನಪಿನಲ್ಲಿ ಉಳಿಯಲೆಂದೇ ಅದನ್ನು ಮಾಡಿಸುತ್ತಿದ್ದರು. ಇಟಲಿಯ ಕಲಾವಿದ ಪಿಸನೆಲ್ಲೊ 1438ರ ಸುಮಾರಿಗೆ ಬೈಜಾಂಟಿಯಂ ದೊರೆ ಎಂಟನೇ ಜಾನ್‌ನ ಮುಖವಿಟ್ಟು ಎರಕ ಹೊಯ್ದ ಪದಕದಿಂದ ಈ ಪರಂಪರೆ ಶುರುವಾಯಿತು ಎನ್ನುತ್ತಾರೆ. ಮುಂದೆ ಅಚ್ಚಿನ ಯಂತ್ರಗಳು ಬಂದವು, ಒಂದೇ ಪದಕದ ಸಾವಿರಾರು ಪ್ರತಿಗಳು ಹೊರಬಂದವು.

ನನ್ನ ಬಳಿ ಇರುವುದು ಕಡಿಮೆ ಬೆಲೆಯವು. 1911ರಲ್ಲಿ ನಡೆದ ಐದನೇ ಜಾರ್ಜ್ ಪಟ್ಟಾಭಿಷೇಕದ ನೆನಪಿನ ಹಗುರ ಲೋಹದ ಒಂದು ಬಿಲ್ಲೆ ಇದೆ. ಚಾರ್ಮಿನಾರ್ ಹತ್ತಿರ ಹಳೆ ಸಾಮಾನು ಮಾರುವವರ ಬಳಿ ಚೌಕಾಸಿ ಮಾಡಿ ತಂದ ಫ್ರಾನ್ಸಿನ ಕಂಚಿನ ಪದಕವೂ ಇದೆ. ಅದರ ಮೇಲೆ ಇಸವಿ ಇಲ್ಲ. ಆದರೆ ಅಂಚಿನಲ್ಲಿ ಹಣ್ಣು–ಹೂ ತುಂಬಿದ ಕೊಂಬಿನ ಪುಟ್ಟ ಗುರುತಿದೆ. ಪ್ಯಾರಿಸ್ ಟಂಕಸಾಲೆ ಈ ಗುರುತು ಹಾಕತೊಡಗಿದ್ದು 1880ರಿಂದ. ಅದಕ್ಕೂ ಮೊದಲು, 1860ರಿಂದ 1879ರವರೆಗೆ, ಜೇನುನೊಣದ ಗುರುತು ಇರುತ್ತಿತ್ತು. ಹೀಗೆ ಅಂಚು ನೋಡಿಯೇ ಕಾಲ ಹೇಳಬಹುದು.

ನನ್ನನ್ನು ಹೆಚ್ಚು ಕಾಡಿದ್ದು ಮಾತ್ರ ನಾನು ಎಂದೂ ಕೊಳ್ಳಲಾಗದ ಶ್ರೀರಂಗಪಟ್ಟಣದ ಪದಕ. 1799ರ ಮೇ 4ರಂದು ಟಿಪ್ಪು ಸುಲ್ತಾನ್ ಕೋಟೆಯಲ್ಲಿ ಹೋರಾಡುತ್ತ ಮಡಿದ. ಆ ಗೆಲುವಿನ ನೆನಪಿಗೆ ಈಸ್ಟ್ ಇಂಡಿಯಾ ಕಂಪನಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿದ್ದ ಮ್ಯಾಥ್ಯೂ ಬೌಲ್ಟನ್‌ನ ಸೋಹೊ ಟಂಕಸಾಲೆಯಲ್ಲಿ ಪದಕ ಮಾಡಿಸಿತು. ಅಚ್ಚು ಕೆತ್ತಿದವನು ಕಾನ್ರಾಡ್ ಕೂಚ್ಲರ್. ಚಿನ್ನದಿಂದ ಹಿಡಿದು ಬೆಳ್ಳಿ, ಕಂಚು, ತವರದವರೆಗೆ ದರ್ಜೆಗೆ ತಕ್ಕ ಲೋಹ. ಚಿನ್ನ ಅತಿ ದೊಡ್ಡವರಿಗೆ, ತವರ ಸಾಮಾನ್ಯ ಸಿಪಾಯಿಗೆ.

ಪದಕದ ಒಂದು ಬದಿಯಲ್ಲಿ ಬ್ರಿಟಿಷ್ ಸಿಂಹ ಹುಲಿಯನ್ನು ನೆಲಕ್ಕೆ ಕೆಡವಿದೆ. ಹಿಂದಿನ ಬಾವುಟದಲ್ಲಿ ಅರಬ್ಬಿ ಅಕ್ಷರಗಳಿವೆ. ಇನ್ನೊಂದು ಬದಿಯಲ್ಲಿ ಕೋಟೆಗೆ ನುಗ್ಗುವ ಸೈನ್ಯ, ನೆತ್ತಿಯ ಮೇಲೆ ಮಧ್ಯಾಹ್ನದ ಸೂರ್ಯ, ಕೆಳಗೆ ಹಿಜರಿ 1213 ಎಂಬ ಇಸವಿಯೊಂದಿಗೆ ಪರ್ಶಿಯನ್ ಬರಹ.

ಆ ಅಕ್ಷರಗಳು ನನಗೆ ಬರುವುದಿಲ್ಲ. ಮೊಬೈಲ್‌ನಲ್ಲಿ ಚಿತ್ರ ದೊಡ್ಡದು ಮಾಡಿ ಮುತ್ಯಾನ ಮುಂದೆ ಹಿಡಿದೆ. ನಿಜಾಮರ ಕಾಲದಲ್ಲಿ ಉರ್ದು ಸಾಲೆಗೆ ಹೋದವರು ಅವರು. ಕನ್ನಡಕ ಸರಿಮಾಡಿಕೊಂಡು ಒಂದೊಂದೇ ಅಕ್ಷರ ಕೂಡಿಸಿ ಓದಿದರು: “ಅಸದುಲ್ಲಾಹ್... ಗಾಲಿಬ್. ದೇವರ ಸಿಂಹಾನೇ ಗೆಲ್ಲತದ ಅಂತ ಅರ್ಥ.”

ಇದರಲ್ಲೊಂದು ಕುಹಕವಿದೆ. ಈ ಮಾತನ್ನು ತನ್ನ ಲಾಂಛನಗಳಲ್ಲಿ ಹುಲಿಮುಖದ ಆಕಾರಕ್ಕೆ ಬರೆಸಿಕೊಂಡಿದ್ದವನು ಟಿಪ್ಪುವೇ. ಅವನ ಮಾತನ್ನೇ ಕಸಿದುಕೊಂಡು ಗೆದ್ದವರು ತಮ್ಮ ಸಿಂಹದ ಬಾವುಟಕ್ಕೆ ಹಾಕಿದರು.

ನಾನು ಇಷ್ಟು ವಿವರಿಸಿದ ಮೇಲೆ ಮುತ್ಯಾ ಕೇಳಿದರು: “ಸಿಂಹ ಅದ, ಹುಲಿ ಅದ. ನಮ್ಮ ನಿಜಾಮ ಎಲ್ಲಿ ಅದಾನ ಇದರಾಗ?”

ಯಾವ ಪುಸ್ತಕವೂ ನನ್ನನ್ನು ಕೇಳದ ಪ್ರಶ್ನೆ ಅದು. ಆಗ ನಮ್ಮ ಭಾಗ ಮೈಸೂರಿನದಲ್ಲ, ಹೈದರಾಬಾದಿನದು. 1799ರಲ್ಲಿ ನಿಜಾಮನ ಸೈನ್ಯ ಮೀರ್ ಆಲಂ ನೇತೃತ್ವದಲ್ಲಿ ಕಂಪನಿಯ ಜೊತೆಗೇ ಶ್ರೀರಂಗಪಟ್ಟಣಕ್ಕೆ ಹೋಗಿತ್ತು. ಹೈದರಾಬಾದಿನ ಮೀರ್ ಆಲಂ ಕೆರೆಗೆ ಅವನದೇ ಹೆಸರು. ಅಂದರೆ ಲೆಕ್ಕದ ಪ್ರಕಾರ ನಮ್ಮ ಊರು ಗೆದ್ದವರ ಕಡೆ ಇತ್ತು! ಶಾಲೆಯಲ್ಲಿ ‘ನಾವು ಸೋತೆವು’ ಎಂಬ ಭಾವದಲ್ಲಿ ಓದಿದ ಪಾಠ ನನಗೆ ಅವತ್ತು ಬೇರೆಯಾಗಿ ಕಂಡಿತು. ಆದರೆ ಗೆದ್ದವರ ಪದಕದಲ್ಲಿ ನಿಜಾಮನಿಗೆ ಒಂದು ಪ್ರಾಣಿಯೂ ಸಿಗಲಿಲ್ಲ. 1792 ಮತ್ತು 1799ರ ಯುದ್ಧಗಳಿಂದ ಪಾಲಿಗೆ ಬಂದ ಬಳ್ಳಾರಿ ಮೊದಲಾದ ಸೀಮೆಯನ್ನು ಅವನು 1800ರಲ್ಲೇ ಕಂಪನಿಗೆ ಬಿಟ್ಟುಕೊಟ್ಟ. ತನ್ನ ರಾಜ್ಯದಲ್ಲಿ ಇಟ್ಟುಕೊಂಡ ಕಂಪನಿಯ ಸೈನ್ಯದ ಖರ್ಚಿಗಾಗಿ. ಎರಡು ಇಂಚಿನೊಳಗಿನ ಲೋಹದ ತುಣುಕು ಇದನ್ನು ಹೇಳುವುದಿಲ್ಲ. ಯಾರು ಕಾಣುತ್ತಿಲ್ಲ ಎಂದು ನಾವೇ ಹುಡುಕಬೇಕು.

ಚಿತ್ರ ಕೆತ್ತಿ ಜೊತೆಗೆ ಹೆಸರು ಬರೆಯುವುದು ನಮಗೇನೂ ಹೊಸದಲ್ಲ. ನಮ್ಮದೇ ಚಿತ್ತಾಪುರ ತಾಲ್ಲೂಕಿನ ಸನ್ನತಿ ಬಳಿಯ ಕನಗನಹಳ್ಳಿಯಲ್ಲಿ ರಾಜನ ಶಿಲ್ಪದೊಂದಿಗೆ ಬ್ರಾಹ್ಮಿ ಲಿಪಿಯಲ್ಲಿ ‘ರಾಯೊ ಅಸೋಕೊ’ ಎಂದಿದೆ. ಆ ಎರಡು ಪದ ಓದುವವರು ಇರದಿದ್ದರೆ ಅಶೋಕ ನಮಗೆ ಯಾರೋ ಒಬ್ಬ ರಾಜನಾಗಿಯೇ ಉಳಿಯುತ್ತಿದ್ದ. ಈಗ ನಾನು ಮುತ್ಯಾನ ಹತ್ತಿರ ಅಲಿಫ್, ಬೇ ಕಲಿಯುತ್ತಿದ್ದೇನೆ. ಅವರಿಗೆ ವಯಸ್ಸಾಗಿದೆ. ಅವರ ನಂತರ ನಮ್ಮ ಮನೆಯಲ್ಲಿ ಆ ಲಿಪಿ ಓದುವವರು ಯಾರೂ ಇಲ್ಲ. ಹಳೆಯ ಜಮೀನು ಕಾಗದ ತೆಗೆದರೂ ಅದೇ ಕಥೆ.

ಆಸಕ್ತಿ ಹುಟ್ಟಿದವರಿಗೆ ನಾಲ್ಕು ಮಾತು. ದುಡ್ಡಿಲ್ಲ ಎಂದು ಹಿಂಜರಿಯಬೇಡಿ. ಬ್ರಿಟಿಷ್ ಮ್ಯೂಸಿಯಂನಂಥ ಸಂಸ್ಥೆಗಳು ತಮ್ಮ ಸಂಗ್ರಹದ ಚಿತ್ರಗಳನ್ನು ಉಚಿತವಾಗಿ ನೋಡಲು ಬಿಟ್ಟಿವೆ. ಚಿತ್ರ, ವಿವರ ಸೇರಿಸಿ ನೋಟ್‌ಬುಕ್ ಮಾಡಿದರೂ ಅದು ಸಂಗ್ರಹವೇ. ಕೊಳ್ಳುವುದಾದರೆ ಅಕ್ಷರಗಳ ಅಂಚು ನೋಡಿ. ಅಸಲು ಪದಕದಿಂದ ಅಚ್ಚು ತೆಗೆದು ಎರಕ ಹೊಯ್ದ ನಕಲಿನಲ್ಲಿ ಅಕ್ಷರ ಮೊಂಡಾಗಿರುತ್ತದೆ, ಸಣ್ಣ ಸಣ್ಣ ತೂತು ಕಾಣುತ್ತದೆ, ಅಳತೆಯೂ ತುಸು ಕುಗ್ಗಿರುತ್ತದೆ. ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಕ ಹಾಕಿಸಿ, ಪುಸ್ತಕದ ತೂಕದೊಂದಿಗೆ ಹೋಲಿಸಿ. ಮನೆಗೆ ತಂದ ಮೇಲೆ ಹುಣಸೆಹಣ್ಣು ಹಚ್ಚಿ ತಿಕ್ಕಬೇಡಿ. ನೂರು ವರ್ಷದಲ್ಲಿ ಕೂತ ಬಣ್ಣ ಒಂದು ನಿಮಿಷದಲ್ಲಿ ಹೋಗುತ್ತದೆ, ಬೆಲೆಯೂ ಹೋಗುತ್ತದೆ. ಅಂಚಿನಲ್ಲಿ ಹಿಡಿಯಿರಿ, ಪಿವಿಸಿ ಕವರಿನಲ್ಲಿ ಇಡಬೇಡಿ. ನೂರು ವರ್ಷ ದಾಟಿದ ಐತಿಹಾಸಿಕ ವಸ್ತುಗಳಿಗೆ 1972ರ ಪುರಾವಸ್ತು ಕಾಯ್ದೆ ಅನ್ವಯಿಸುತ್ತದೆ, ಅವನ್ನು ವಿದೇಶಕ್ಕೆ ಮಾರುವಂತಿಲ್ಲ. ಹೊಲದಲ್ಲಿ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕು. ಇದಕ್ಕೆ ನಿಧಿ ಕಾಯ್ದೆಯೇ ಇದೆ.

ಸಂದರ್ಶನದಲ್ಲಿ ಒಬ್ಬರು ಕೇಳಿದ್ದರು: “ಇದರಿಂದ ಏನು ಉಪಯೋಗ?” ಒಂದು ವಸ್ತು ಕೈಗೆ ಬಂದರೆ ಯಾರು ಮಾಡಿಸಿದರು, ಯಾರಿಗಾಗಿ, ಯಾರನ್ನು ಬಿಟ್ಟರು ಎಂದು ಕೇಳುವುದು ರೂಢಿಯಾಗಿದೆ ಎಂದೆ. ದಿನಕ್ಕೆ ನೂರು ಸುದ್ದಿ ಮೊಬೈಲ್‌ಗೆ ಬಂದು ಬೀಳುವ ಕಾಲದಲ್ಲಿ ನಮ್ಮ ವಯಸ್ಸಿನವರಿಗೆ ಈ ಮೂರು ಪ್ರಶ್ನೆ ಸಾಕಷ್ಟು ಕೆಲಸಕ್ಕೆ ಬರುತ್ತವೆ.