ಮಿತಾಕ್ಷರೆಯಲ್ಲಿ ರಾಜಾಧಿಕಾರಿಗಳ ಹೊಣೆ

ಹುಮನಾಬಾದು ತಾಲ್ಲೂಕಿನ ಜಲಸಂಗಿಯ ದೇವಾಲಯದ ಭಿತ್ತಿಯಲ್ಲಿ ಶಿಲಾಬಾಲಿಕೆಯೊಬ್ಬಳು ಚಾಲುಕ್ಯ ವಿಕ್ರಮಾದಿತ್ಯನ ಕೀರ್ತಿಯನ್ನು ಬರೆಯುತ್ತ ನಿಂತಿದ್ದಾಳೆ. ಆ ಅರಸನ ಆಳಿಕೆಯಲ್ಲಿಯೇ (೧೦೭೬–೧೧೨೬) ಅವನ ರಾಜಧಾನಿಯಾದ ಕಲ್ಯಾಣದಲ್ಲಿ, ಎಂದರೆ ಇಂದಿನ ಬಸವಕಲ್ಯಾಣದಲ್ಲಿ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ರಚಿಸಿದನು. ಕುಟುಂಬದ ಆಸ್ತಿಯ ವಿಭಾಗಕ್ಕೆ ಸಂಬಂಧಿಸಿದಂತೆ ಈ ಗ್ರಂಥವು ಸರ್ವವಿದಿತವಾದುದು. ಅಧಿಕಾರಸ್ಥನು ತಪ್ಪಿದರೆ ಹೊಣೆ ಯಾರದೆಂಬ ಪ್ರಶ್ನೆಯನ್ನೂ ಅದು ವಿಚಾರಿಸಿರುವುದು ಅಷ್ಟಾಗಿ ಗಮನಕ್ಕೆ ಬಂದಿಲ್ಲ.

ನ್ಯಾಯಸಭೆಯ ಸಭ್ಯರು ರಾಗದಿಂದಾಗಲಿ ಲೋಭದಿಂದಾಗಲಿ ಭಯದಿಂದಾಗಲಿ ಸ್ಮೃತಿಗೆ ವಿರುದ್ಧವಾಗಿ ನಡೆದರೆ ಪ್ರತಿಯೊಬ್ಬನೂ ಬೇರೆಬೇರೆಯಾಗಿ ಇಮ್ಮಡಿ ದಂಡವನ್ನು ತೆರಬೇಕೆಂದು ಯಾಜ್ಞವಲ್ಕ್ಯನ ವಿಧಿ. ಈ ಮೂರು ಕಾರಣಗಳನ್ನು ಹೆಸರಿಸಿರುವುದೇಕೆ? ಇಮ್ಮಡಿ ದಂಡವು ಇವುಗಳಿಗೆ ಮಾತ್ರವೇ ಹೊರತು ಅಜ್ಞಾನದಿಂದಾದ ತಪ್ಪಿಗಲ್ಲ ಎಂದು ವಿಜ್ಞಾನೇಶ್ವರನು ವಿವರಿಸುತ್ತಾನೆ. ಬುದ್ಧಿಪೂರ್ವಕವಾದ ಅನ್ಯಾಯವೂ ತಿಳಿಯದೆ ಆದ ಪ್ರಮಾದವೂ ಇಲ್ಲಿ ಬೇರ್ಪಟ್ಟವು. ‘ಹೆದರಿ ಮಾಡಿದೆ’ ಎಂಬುದಾದರೋ ಸಮಾಧಾನವಾಗಲಾರದು. ಭಯವೂ ದೋಷಗಳ ಸಾಲಿನಲ್ಲಿಯೇ ಇದೆ.

ಇದಕ್ಕೆ ಹೋಲುವ ಪ್ರಸಂಗವೊಂದು ಅಮೆರಿಕದ ಸಂವಿಧಾನದ ಆರಂಭಕಾಲದಲ್ಲಿ ನಡೆಯಿತು. ಫ್ರೆಂಚ್ ಬಂದರುಗಳಿಗೆ ಹೋಗುವ ಹಡಗುಗಳನ್ನು ಹಿಡಿಯಲು ೧೭೯೯ರ ಶಾಸನವು ಅನುಮತಿಯಿತ್ತಿತ್ತು. ಅಧ್ಯಕ್ಷರ ಆದೇಶವು ಅಲ್ಲಿಂದ ಬರುವ ಹಡಗುಗಳನ್ನೂ ಸೇರಿಸಿತು. ಆ ಆದೇಶದಂತೆ ಕ್ಯಾಪ್ಟನ್ ಜಾರ್ಜ್ ಲಿಟಲ್ ಡೆನ್ಮಾರ್ಕಿನ ಹಡಗೊಂದನ್ನು ಹಿಡಿದನು. ಶಾಸನವನ್ನು ಮೀರಿದ ಆದೇಶವು ಅಧಿಕಾರಿಯನ್ನು ರಕ್ಷಿಸದೆಂದೂ ನಷ್ಟವನ್ನು ಕ್ಯಾಪ್ಟನನೇ ತುಂಬಿಕೊಡಬೇಕೆಂದೂ ಮುಖ್ಯ ನ್ಯಾಯಾಧೀಶ ಜಾನ್ ಮಾರ್ಷಲ್ ೧೮೦೪ರಲ್ಲಿ ತೀರ್ಪಿತ್ತನು.

ಹೋಲಿಕೆಗೆ ಮಿತಿಯುಂಟು. ಅಮೆರಿಕದಲ್ಲಿ ನೊಂದವನು ತಾನೇ ಅಧಿಕಾರಿಯ ಮೇಲೆ ದಾವೆ ಹೂಡಿ ಪರಿಹಾರವನ್ನು ಪಡೆಯಬಹುದಾಗಿತ್ತು. ಸ್ಮೃತಿಯಲ್ಲಿ ಸಭ್ಯರನ್ನು ದಂಡಿಸುವವನು ಅರಸು. ಅರಸನೇ ಅನ್ಯಾಯವಾಗಿ ದಂಡವನ್ನು ವಸೂಲು ಮಾಡಿದರೆ ಅದರ ಮೂವತ್ತು ಪಟ್ಟನ್ನು ವರುಣನಿಗೆ ಸಮರ್ಪಿಸಿ ಬ್ರಾಹ್ಮಣರಿಗೆ ಕೊಡಬೇಕೆಂಬುದು ಮೂಲದ ಮಾತು. ತೆಗೆದುಕೊಂಡಷ್ಟನ್ನು ತೆತ್ತವನಿಗೂ ಹಿಂದಿರುಗಿಸಬೇಕು, ಇಲ್ಲದಿದ್ದರೆ ಅದು ಅಪಹಾರವಾದೀತು ಎಂದು ವಿಜ್ಞಾನೇಶ್ವರನು ಸೇರಿಸುತ್ತಾನೆ. ಆದರೆ ಅರಸನಿಂದ ಇದನ್ನು ಮಾಡಿಸಬಲ್ಲ ನ್ಯಾಯಾಲಯವಿರಲಿಲ್ಲ. ಅವನ ಧರ್ಮಬುದ್ಧಿಯೊಂದೇ ಆಧಾರವಾಗಿತ್ತು.

ಆದರೂ ಅರಸನ ರಾಜಧಾನಿಯಲ್ಲಿಯೇ ಕುಳಿತು ಅರಸನ ವಸೂಲಿಯನ್ನು ಅಪಹಾರವೆಂದು ಕರೆಯಲು ಅಂಜದ ಈ ವ್ಯಾಖ್ಯಾನಕಾರನ ಮಾತು, ಜಲಸಂಗಿಯ ಪ್ರಶಸ್ತಿಯೊಡನೆ ಇಟ್ಟು ಓದತಕ್ಕದ್ದಾಗಿದೆ.