ಶ್ರೀಶೈಲದ ಕಾಲುನಡಿಗೆಗೆ ದೇಹದ ಸಿದ್ಧತೆ

ಯುಗಾದಿಗೆ ಎರಡು ಮೂರು ವಾರಗಳಿರುವಾಗಲೇ ಬಾಗಲಕೋಟೆ, ವಿಜಯಪುರ, ಬೆಳಗಾವಿ, ರಾಯಚೂರು ಮೊದಲಾದ ಜಿಲ್ಲೆಗಳ ಊರುಗಳಿಂದ ಜನರು ಗುಂಪುಗುಂಪಾಗಿ ಪೂರ್ವದಿಕ್ಕಿಗೆ ನಡೆಯತೊಡಗುತ್ತಾರೆ. ಕೆಲವರ ಹೆಗಲ ಮೇಲೆ ಕಂಬಿ, ಹಲವರ ಬಗಲಲ್ಲಿ ಬುತ್ತಿಯ ಗಂಟು. ಇವರೆಲ್ಲರ ಗುರಿ ಆಂಧ್ರಪ್ರದೇಶದ ನಲ್ಲಮಲ ಬೆಟ್ಟಗಳ ನಡುವಣ ಶ್ರೀಶೈಲ. ಹನ್ನೆರಡನೆಯ ಶತಮಾನದಲ್ಲಿ ಅಕ್ಕಮಹಾದೇವಿಯು ಅರಸಿ ಹೋದ ಮಲ್ಲಿಕಾರ್ಜುನನ ನೆಲೆ. ಬಾಗಲಕೋಟೆಯಿಂದಾಗಲಿ ವಿಜಯಪುರದಿಂದಾಗಲಿ ಹೊರಟವರಿಗೆ ದಾರಿಯು 350 ಕಿಲೋಮೀಟರುಗಳಿಗೂ ಮಿಗಿಲು. ದಿನಕ್ಕೆ 30 ಕಿಲೋಮೀಟರಿನಂತೆ ನಡೆದರೂ ಹನ್ನೆರಡು ದಿನಗಳು ಬೇಕು. ಈ ಗುಂಪುಗಳಲ್ಲಿ ಮುಪ್ಪಿನವರಿರುವಂತೆ ಕಾಲೇಜಿನ ತರುಣರೂ ಇರುತ್ತಾರೆ. ಹರಕೆ ಹೊತ್ತ ದಿನವೇ ತಾವು ನಡೆಯಲು ಸಿದ್ಧರಾದೆವೆಂದು ತಿಳಿಯುವವರು ಬಹುಮಟ್ಟಿಗೆ ಈ ತರುಣರೇ.

ಮನಸ್ಸು ಒಂದೇ ದಿನದಲ್ಲಿ ಸಿದ್ಧವಾಗಬಹುದು, ದೇಹವು ಹಾಗಲ್ಲ. ಅಷ್ಟೇ ಅಲ್ಲ, ದೇಹದ ಎಲ್ಲ ಭಾಗಗಳೂ ಒಂದೇ ವೇಗದಲ್ಲಿ ಸಿದ್ಧವಾಗುವುದೂ ಇಲ್ಲ. ದಿನವೂ ಒಂದೆರಡು ಗಂಟೆ ಬಿರುಸಾಗಿ ನಡೆಯತೊಡಗಿದರೆ ಎರಡು ಮೂರು ವಾರಗಳಲ್ಲಿಯೇ ಹೃದಯದ ಬಡಿತ ಹಿಡಿತಕ್ಕೆ ಬರುತ್ತದೆ, ಏದುಸಿರು ನಿಲ್ಲುತ್ತದೆ. ತೊಡೆ, ಮೀನಖಂಡಗಳ ಸ್ನಾಯುಗಳು ಗಟ್ಟಿಯಾಗಲು ಇನ್ನೂ ಕೆಲವು ವಾರಗಳು ಬೇಕು. ಸ್ನಾಯುಗಳನ್ನು ಎಲುಬಿಗೆ ಬಿಗಿಯುವ ರಜ್ಜುಗಳು ಮತ್ತು ಎಲುಬುಗಳು ಎಲ್ಲಕ್ಕಿಂತ ನಿಧಾನ. ಮೋಸವಿರುವುದು ಇಲ್ಲಿಯೇ. ನಮ್ಮ ಸಿದ್ಧತೆಯನ್ನು ನಾವು ಅಳೆಯುವುದು ಏದುಸಿರಿನಿಂದ; ಏದುಸಿರಾದರೋ ಎಲ್ಲಕ್ಕಿಂತ ಮೊದಲು ಮಾಯವಾಗುವಂಥದು.

ಎಲುಬಿನ ವಿಷಯವನ್ನು ತುಸು ವಿವರವಾಗಿ ನೋಡೋಣ. 1855ರಲ್ಲಿ ಬ್ರೈಟ್‌ಹಾಪ್ಟ್ ಎಂಬ ಪ್ರಷ್ಯದ ಸೇನಾವೈದ್ಯನು, ದೂರದ ನಡಿಗೆಯ ಬಳಿಕ ಕೆಲವು ಸೈನಿಕರ ಪಾದಗಳು ಬಾತುಕೊಂಡು ನೋಯುವುದನ್ನು ವರ್ಣಿಸಿದನು. ಏಟು ಬಿದ್ದಿರಲಿಲ್ಲ, ಉಳುಕಿರಲಿಲ್ಲ, ಆದರೂ ಹೆಜ್ಜೆಯಿಡಲಾಗುತ್ತಿರಲಿಲ್ಲ. 1895ರಲ್ಲಿ ಕ್ಷ-ಕಿರಣಗಳು ಕಂಡುಹಿಡಿಯಲ್ಪಟ್ಟ ಮೇಲೆಯೇ ಅಂಥ ಪಾದಗಳ ಎಲುಬಿನಲ್ಲಿ ಕೂದಲೆಳೆಯಂಥ ಬಿರುಕುಗಳಿರುವುದು ತಿಳಿದುಬಂದಿತು. ಅದಕ್ಕೆ ಕಾರಣವುಂಟು. ಎಲುಬು ಕಲ್ಲಿನಂತೆ ಜಡವಸ್ತುವಲ್ಲ, ಸದಾ ದುರಸ್ತಿಯಾಗುತ್ತಿರುವ ಜೀವಂತ ವಸ್ತು. ಹೊಸ ಭಾರ ಬಿದ್ದಾಗ ಅದು ಮೊದಲು ತನ್ನ ಹಳೆಯ ಭಾಗಗಳನ್ನು ಕರಗಿಸಿ, ಅನಂತರ ಅಲ್ಲಿ ಹೊಸ ಎಲುಬನ್ನು ಕಟ್ಟುತ್ತದೆ. ಕೆಡವುವ ಕೆಲಸ ಬೇಗ ಮುಗಿಯುತ್ತದೆ, ಕಟ್ಟುವ ಕೆಲಸ ತಿಂಗಳುಗಟ್ಟಲೆ ನಡೆಯುತ್ತದೆ. ಆದುದರಿಂದ ಅಭ್ಯಾಸ ಪ್ರಾರಂಭಿಸಿದ ಮೂರನೆಯ, ನಾಲ್ಕನೆಯ ವಾರದ ಸುಮಾರಿಗೆ ಎಲುಬು ಮೊದಲಿಗಿಂತಲೂ ದುರ್ಬಲವಾಗಿರಬಹುದು. ನಡೆಯುವವನಿಗೆ ಉತ್ಸಾಹವು ಉಕ್ಕಿ, ದೂರವನ್ನು ಇಮ್ಮಡಿ ಮಾಡಬೇಕೆನಿಸುವುದೂ ಆಗಲೇ. ಹೆಜ್ಜೆಯೊಂದಕ್ಕೆ 70 ಸೆಂಟಿಮೀಟರೆಂದು ಹಿಡಿದರೆ 350 ಕಿಲೋಮೀಟರಿಗೆ ಐದು ಲಕ್ಷ ಹೆಜ್ಜೆಗಳಾಗುತ್ತವೆ. ಒಂದೊಂದು ಪಾದವೂ ಎರಡೂವರೆ ಲಕ್ಷ ಸಲ ಮೈಭಾರವನ್ನು ಹೊರಬೇಕು. ಸಂಕ್ರಾಂತಿಯ ಹೊತ್ತಿಗೆ ಅಭ್ಯಾಸವನ್ನು ತೊಡಗಿ, ವಾರದಿಂದ ವಾರಕ್ಕೆ ದೂರವನ್ನು ಸ್ವಲ್ಪ ಸ್ವಲ್ಪವೇ ಹೆಚ್ಚಿಸುತ್ತ, ಮೂರು ನಾಲ್ಕು ವಾರಗಳಿಗೊಮ್ಮೆ ಒಂದು ವಾರ ನಡಿಗೆಯನ್ನು ತಗ್ಗಿಸುವುದು ಈ ಕಾರಣದಿಂದಲೇ ಯುಕ್ತವೆನ್ನಬೇಕು.

ಪಾದದ ಬೊಕ್ಕೆಗಳ ವಿಷಯ ಎಲ್ಲರಿಗೂ ಗೊತ್ತು. ಅವು ಏಕೆ ಏಳುತ್ತವೆಂಬುದು ಎಲ್ಲರಿಗೂ ತಿಳಿದಿಲ್ಲ. ಉಜ್ಜಿದರೆ ಚರ್ಮದ ಮೇಲ್ಮೈ ಸವೆಯುತ್ತದೆ, ಬೊಕ್ಕೆ ಏಳುವುದಿಲ್ಲ. ಹೊರಚರ್ಮವು ಪಾದರಕ್ಷೆಗೆ ಅಂಟಿಕೊಂಡು ನಿಂತು, ಒಳಗಿನ ಎಲುಬು ಹಿಂದೆ ಮುಂದೆ ಚಲಿಸಿದಾಗ, ನಡುವಣ ಪದರವು ಜಗ್ಗಿ ಹರಿಯುತ್ತದೆ. ಆ ಬಿರುಕಿನಲ್ಲಿ ನೀರು ತುಂಬುತ್ತದೆ. 1955ರಲ್ಲಿ ಇಂಗ್ಲೆಂಡಿನ ನೇಯ್ಲರ್ ಎಂಬ ವೈದ್ಯನು ಪ್ರಯೋಗಗಳಿಂದ ತೋರಿಸಿಕೊಟ್ಟಂತೆ, ಚೆನ್ನಾಗಿ ಒಣಗಿದ ಚರ್ಮದಲ್ಲಿಯೂ ಪೂರ್ತಿ ತೊಯ್ದ ಚರ್ಮದಲ್ಲಿಯೂ ಘರ್ಷಣೆ ಕಡಮೆ. ಬೆವರಿನಿಂದ ಹಸಿಯಾದ ಚರ್ಮದಲ್ಲಿಯೇ ಅದು ಹೆಚ್ಚು. ಆದುದರಿಂದ ಪ್ರತಿ ತಂಗುದಾಣದಲ್ಲಿಯೂ ಪಾದಗಳನ್ನು ಒರೆಸಿ ಗಾಳಿಗೊಡ್ಡುವುದು ಯಾವ ಮುಲಾಮಿಗಿಂತಲೂ ಮೇಲು. ಹೊಸ ಪಾದರಕ್ಷೆಯನ್ನು ಹೊರಡುವ ದಿನ ಕೊಳ್ಳುವುದು ಹೆಡ್ಡತನ. ದಿನವಿಡೀ ನಡೆದ ಪಾದವು ಬಾತು ದೊಡ್ಡದಾಗುವುದರಿಂದ ಅದನ್ನು ಸಂಜೆಯ ಹೊತ್ತಿನಲ್ಲಿ ಅಳತೆ ನೋಡಿ ಕೊಳ್ಳಬೇಕು. ಎದ್ದ ಬೊಕ್ಕೆಯ ಮೇಲ್ಪೊರೆಯನ್ನು ಕಿತ್ತೆಸೆಯಬಾರದು. ಅದಕ್ಕಿಂತ ಒಳ್ಳೆಯ ಪಟ್ಟಿ ಯಾವ ಅಂಗಡಿಯಲ್ಲಿಯೂ ಸಿಗದು.

ಬರಿಗಾಲಿನಲ್ಲಿ ನಡೆಯುವ ಹರಕೆ ಹೊತ್ತವರ ಮಾತು ಬೇರೆ. ಹುಟ್ಟಿದಂದಿನಿಂದ ಬರಿಗಾಲಿನಲ್ಲಿ ನಡೆದವರ ಅಂಗಾಲಿನ ಜಡ್ಡು, ಸ್ಪರ್ಶಜ್ಞಾನವನ್ನು ಮಂಕಾಗಿಸದೆಯೇ ಪಾದವನ್ನು ಕಾಯುತ್ತದೆಂದು ಕೀನ್ಯಾದ ಜನರಲ್ಲಿ ನಡೆಸಿದ ಅಧ್ಯಯನವೊಂದು 2019ರಲ್ಲಿ ತಿಳಿಸಿದೆ. ಪಟ್ಟಣದ ವಿದ್ಯಾರ್ಥಿಗೆ ಆ ಜಡ್ಡು ಎರಡು ವಾರಗಳಲ್ಲಿ ಬಾರದು. ಮೇಲಾಗಿ ಇಂದಿನ ದಾರಿ ಮಣ್ಣಿನದಲ್ಲ, ಡಾಂಬರಿನದು. 60 ಡಿಗ್ರಿ ಸೆಂಟಿಗ್ರೇಡ್ ತಾಪಕ್ಕೆ ಏರಿದ ಚರ್ಮವು ಸುಮಾರು ಐದು ಸೆಕೆಂಡುಗಳಲ್ಲಿ ಸುಡುತ್ತದೆಂದು 1947ರಲ್ಲಿಯೇ ಮಾರಿಟ್ಸ್ ಮತ್ತು ಹೆನ್ರಿಕ್ಸ್ ಎಂಬವರು ಕಂಡುಕೊಂಡಿದ್ದರು. ಮಧ್ಯಾಹ್ನದ ಡಾಂಬರು ಈ ತಾಪವನ್ನು ಮುಟ್ಟಬಲ್ಲುದು. ಹರಕೆಯನ್ನು ಉಳಿಸಿಕೊಳ್ಳಬೇಕೆನ್ನುವವರು ಬೆಳಗಿನ ಹೊತ್ತಿನಲ್ಲಿ ನಡೆಯುವುದೊಂದೇ ಉಪಾಯ.

ಆದರೆ ಈ ಯಾತ್ರೆಯ ನಿಜವಾದ ಅಪಾಯವು ಪಾದದಲ್ಲಿಲ್ಲ, ಋತುವಿನಲ್ಲಿದೆ. ಯಾತ್ರಿಕರು ಶಿಶಿರದಲ್ಲಿ ಹೊರಟು ವಸಂತದ ಮೊದಲ ದಿನ ಗುರಿ ಮುಟ್ಟುತ್ತಾರೆ. ಹೊರಡುವಾಗ ಬೆಳಗಿನ ಚಳಿಗೆ ಕಂಬಳಿ ಬೇಕೆನಿಸುತ್ತದೆ. ರಾಯಚೂರು, ಕರ್ನೂಲುಗಳ ಬಯಲನ್ನು ದಾಟುವ ವೇಳೆಗೆ ಹಗಲಿನ ಉಷ್ಣತೆ 38 ಡಿಗ್ರಿ ಮುಟ್ಟಬಹುದು. ಮೇ ತಿಂಗಳಿನಲ್ಲಿ ಅದೇ 38 ಡಿಗ್ರಿ ನಮಗೆ ಅಷ್ಟೊಂದು ದುಸ್ಸಹವಲ್ಲ, ಏಕೆಂದರೆ ಅಷ್ಟರಲ್ಲಿ ದೇಹವು ಬೇಸಗೆಯನ್ನು ಕಲಿತಿರುತ್ತದೆ. ವಸಂತದ ಮೊದಲ ಬಿಸಿಲು ಬೀಳುವುದು ಚಳಿಗಾಲದ ಮೈಮೇಲೆ.

ಬಿಸಿಲನ್ನು ಕಲಿಯುವುದೆಂದರೇನು? ದಿನವೂ ಒಂದೆರಡು ಗಂಟೆ ಬಿಸಿಯಲ್ಲಿ ದುಡಿದರೆ ಮೊದಲ ಐದಾರು ದಿನಗಳಲ್ಲಿ ಪ್ಲಾಸ್ಮಾ ಎನಿಸಿಕೊಳ್ಳುವ ರಕ್ತದ ದ್ರವಭಾಗವು ಹೆಚ್ಚುತ್ತದೆ. ಆದುದರಿಂದ ಸ್ನಾಯುಗಳಿಗೂ ಚರ್ಮಕ್ಕೂ ಏಕಕಾಲದಲ್ಲಿ ರಕ್ತವನ್ನು ಒದಗಿಸಲು ಹೃದಯಕ್ಕೆ ಸುಲಭವಾಗುತ್ತದೆ. ಬಳಿಕ ಬೆವರು ಬೇಗ ಪ್ರಾರಂಭವಾಗುತ್ತದೆ, ಹೆಚ್ಚಾಗಿ ಸುರಿಯುತ್ತದೆ. ಅದರೊಡನೆ ಹೋಗುವ ಉಪ್ಪಿನ ಅಂಶವು ಮಾತ್ರ ಇಳಿಯುತ್ತದೆ. ಈ ಮಾರ್ಪಾಡು ಹತ್ತು ಹದಿನಾಲ್ಕು ದಿನಗಳಲ್ಲಿ ಬಹುಮಟ್ಟಿಗೆ ಪೂರ್ಣವಾಗುತ್ತದೆ. ದಕ್ಷಿಣ ಆಫ್ರಿಕದ ಆಳವಾದ ಚಿನ್ನದ ಗಣಿಗಳಲ್ಲಿ ಹೊಸ ಕೂಲಿಗಾರರು ಸೆಕೆಯಿಂದ ಸಾಯುತ್ತಿದ್ದುದರಿಂದ, ಇಪ್ಪತ್ತನೆಯ ಶತಮಾನದಲ್ಲಿ ಅವರನ್ನು ಕೆಲವು ದಿನ ಬಿಸಿ ಕೋಣೆಗಳಲ್ಲಿ ದುಡಿಸಿ ಪಳಗಿಸಿದ ಮೇಲೆಯೇ ಕೆಳಗಿಳಿಸುವ ಪದ್ಧತಿ ಬಂದಿತು. ಈ ಪಳಗಿಕೆಯಾದರೂ ಕೂಡಿಟ್ಟ ಧನವಲ್ಲ; ಬಿಸಿಲು ತಪ್ಪಿದರೆ ಮೂರು ನಾಲ್ಕು ವಾರಗಳಲ್ಲಿ ಬಹುಪಾಲು ಕಳೆದುಹೋಗುತ್ತದೆ. ಆದುದರಿಂದ ಎಲುಬಿನ ಅಭ್ಯಾಸವನ್ನು ಸಂಕ್ರಾಂತಿಗೆ ತೊಡಗಬೇಕಾದರೆ, ಬಿಸಿಲಿನ ಅಭ್ಯಾಸವನ್ನು ಹೊರಡುವ ಮುಂಚಿನ ಹದಿನೈದು ದಿನಗಳಿಗೆ ಇಟ್ಟುಕೊಳ್ಳಬೇಕು. ಮುಂಜಾನೆಯ ತಂಪಿನಲ್ಲಿ ಮಾತ್ರ ಎರಡು ತಿಂಗಳು ನಡೆದವನು ಬಿಸಿಲಿಗೆ ಹೊಸಬನಾಗಿಯೇ ಉಳಿಯುತ್ತಾನೆ.

ನೀರಿನ ಲೆಕ್ಕವೂ ಸ್ವಾರಸ್ಯಕರವಾದುದು. 60 ಕಿಲೋಗ್ರಾಂ ತೂಕದವನು ಸಮನೆಲದಲ್ಲಿ ಒಂದು ಕಿಲೋಮೀಟರು ನಡೆದರೆ ಸುಮಾರು 50 ಕಿಲೋಕ್ಯಾಲರಿ ಶಕ್ತಿ ವ್ಯಯವಾಗುತ್ತದೆ. 30 ಕಿಲೋಮೀಟರಿಗೆ 1500. ಅದೆಲ್ಲವೂ ಕಡೆಗೆ ಶಾಖವೇ ಆಗುತ್ತದೆ. ಒಂದು ಲೀಟರು ಬೆವರು ಆವಿಯಾದಾಗ ಹೊತ್ತೊಯ್ಯುವ ಶಾಖ ಸುಮಾರು 580 ಕಿಲೋಕ್ಯಾಲರಿ. ಗಾಳಿಯೇ ಚರ್ಮಕ್ಕಿಂತ ಬಿಸಿಯಾಗಿರುವಾಗ ಬೆವರಲ್ಲದೆ ಬೇರೆ ದಾರಿಯಿಲ್ಲವಾದುದರಿಂದ, ನಡಿಗೆಯ ಶಾಖವೊಂದಕ್ಕೇ ಎರಡೂವರೆ ಲೀಟರು ಬೇಕು. ಸೂರ್ಯನಿಂದ ಬರುವ ಶಾಖಕ್ಕೂ ಹನಿಯಾಗಿ ನೆಲಕ್ಕೆ ಬಿದ್ದು ವ್ಯರ್ಥವಾಗುವ ಬೆವರಿಗೂ ಇದರ ಮೇಲೆ ಸೇರಿಸಬೇಕು. ಹಾಗೆಂದು ಬರಿಯ ನೀರನ್ನೇ ಗಟಗಟನೆ ಕುಡಿಯುತ್ತಿರುವುದೂ ಕ್ಷೇಮವಲ್ಲ. ರಕ್ತದ ಸೋಡಿಯಂ ತೆಳುವಾಗಿ ಮೆದುಳು ಬಾತು ಪ್ರಾಣಾಪಾಯವಾದ ನಿದರ್ಶನಗಳು ಮ್ಯಾರಥಾನ್ ಓಟಗಾರರಲ್ಲಿವೆ. ಬಾಯಾರಿಕೆಗೆ ತಕ್ಕಷ್ಟು ನೀರು, ಊಟದಲ್ಲಿ ಉಪ್ಪು, ನಡುನಡುವೆ ಉಪ್ಪು ಬೆರೆಸಿದ ಮಜ್ಜಿಗೆ: ದಾರಿಯುದ್ದಕ್ಕೂ ಅರವಟಿಗೆಗಳವರು ಹಂಚುವ ಈ ಪಾನೀಯವನ್ನು ಶರೀರಶಾಸ್ತ್ರವೂ ಒಪ್ಪುತ್ತದೆ.

ಜೊತೆಗಾರನೊಬ್ಬನು ಬಿಸಿಲಿನಲ್ಲಿ ತೊದಲತೊಡಗಿದರೆ, ಅಸಂಬದ್ಧವಾಗಿ ಮಾತನಾಡಿದರೆ, ತೂರಾಡಿದರೆ, ಅದನ್ನು ಆಯಾಸವೆಂದು ತಳ್ಳಿಹಾಕಬಾರದು. ಮೈಯೊಳಗಿನ ತಾಪವು 40 ಡಿಗ್ರಿ ದಾಟಿರಬಹುದು. ಬೆವರುತ್ತಿದ್ದಾನೆಂಬುದರಿಂದಲೂ ಧೈರ್ಯ ತಾಳಲಾಗದು. ವೈದ್ಯರಿಗೆ ಹೇಳಿಕಳುಹಿಸಿ, ಅವರು ಬರುವವರೆಗೆ ಕಾಯದೆ ನೆರಳಿಗೆ ಸಾಗಿಸಿ, ಮೈಮೇಲೆಲ್ಲ ನೀರು ಸುರಿದು ಬೀಸುತ್ತಿರಬೇಕು. ಪ್ರಜ್ಞೆ ಮಂಕಾದವನ ಬಾಯಿಗೆ ನೀರು ಹಾಕಬಾರದು. ಮೊದಲ ಅರ್ಧ ಗಂಟೆಯೊಳಗೆ ತಂಪಾದವನು ಬಹುಮಟ್ಟಿಗೆ ಬದುಕುತ್ತಾನೆ.

ಆತ್ಮಕೂರನ್ನು ದಾಟಿ ವೆಂಕಟಾಪುರದಿಂದ ಮುಂದೆ ಕಾಡುದಾರಿ ಪ್ರಾರಂಭವಾಗುತ್ತದೆ. ನಾಗಲೂಟಿ, ಪೆದ್ದಚೆರುವುಗಳ ಮೇಲೆ ಹಾದು ಭೀಮುನಿ ಕೊಲನು ಎಂಬ ಕಮರಿಗೆ ಇಳಿದು, ಅಲ್ಲಿಂದ ಕಡಿದಾದ ಏರನ್ನು ಹತ್ತಿದರೆ ಕೈಲಾಸದ್ವಾರ. ಎಲ್ಲರೂ ಹೆದರುವುದು ಆ ಏರಿಗೆ. ತೊಡೆಗಳನ್ನು ಹಣ್ಣುಮಾಡುವುದು ಅದರ ಹಿಂದಿನ ಇಳಿತ. ಇಳಿಯುವಾಗ ತೊಡೆಯ ಸ್ನಾಯುವು ಬಿಗಿದುಕೊಂಡಿರುವಂತೆಯೇ ಹಿಗ್ಗಬೇಕಾಗುವುದರಿಂದ ಅದರ ಎಳೆಗಳಿಗೆ ಸಣ್ಣಪುಟ್ಟ ಗಾಯಗಳಾಗುತ್ತವೆ, ನೋವು ಒಂದೆರಡು ದಿನ ಕಳೆದ ಮೇಲೆ ತೀವ್ರವಾಗುತ್ತದೆ. ಆದರೆ ಒಮ್ಮೆ ಹೀಗೆ ನೊಂದ ಸ್ನಾಯು ಮುಂದಿನ ಕೆಲವು ವಾರಗಳವರೆಗೆ ಅದೇ ಕೆಲಸಕ್ಕೆ ಅಷ್ಟಾಗಿ ನೋಯುವುದಿಲ್ಲ. ಹೊರಡುವ ಹತ್ತು ಹನ್ನೆರಡು ದಿನಗಳ ಮುಂಚೆ ಊರಿನ ಗುಡ್ಡವನ್ನೋ, ಗುಡ್ಡವಿಲ್ಲದ ಕಡೆ ಕಾಲೇಜಿನ ಮೆಟ್ಟಿಲುಗಳನ್ನೋ ಎರಡು ಮೂರು ಸಲ ಚೆನ್ನಾಗಿ ಇಳಿದು ಅಭ್ಯಾಸಮಾಡಿದರೆ ಸಾಕು, ಭೀಮುನಿ ಕೊಲನಿನ ದಿನದವರೆಗೂ ಅದರ ಫಲ ಉಳಿದಿರುತ್ತದೆ.