ವಾಲಗದ ಮನೆಯ ಸ್ಯಾಕ್ಸೋಫೋನು

ಕೂಟಗಲ್ಲಿನ ಮದುವೆಗೆ ವಾಲಗ ಗೊತ್ತುಮಾಡುವಾಗ ‘ಸ್ಯಾಕ್ಸೋಫೋನೂ ಇರ್ಲಿ ಕಣಪ್ಪ’ ಎಂಬ ಮಾತು ಬಂದರೆ, ಅದರ ಹಿಂದೆ ಬಂಟ್ವಾಳ ಕಡೆಯ ಸಜಿಪದ ಹುಡುಗನೊಬ್ಬನ ಹಠವಿದೆ. ಕದ್ರಿ ಗೋಪಾಲನಾಥರ ತಂದೆ ತನಿಯಪ್ಪ ನಾಗಸ್ವರದವರು. ಮಗನೋ, ಮೈಸೂರು ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಮರುಳಾದ. ಬ್ಯಾಂಡಿನ ವಾದ್ಯದಲ್ಲಿ ತೋಡಿ ರಾಗವೇ? ಗಮಕ ಎಲ್ಲಿಂದ ತರೋದು? ನಾಗಸ್ವರದಲ್ಲಿ ಬೆರಳು ತೂತಿನ ಮೇಲೇ ಆಡುತ್ತದೆ. ಇಲ್ಲಿ ನಡುವೆ ಕೀಲಿಗಳ ಅಡ್ಡಿ. ಅದನ್ನು ಪಳಗಿಸಲು ಸುಮಾರು 20 ವರ್ಷ ಹಿಡಿಯಿತು. ವಾದ್ಯವನ್ನೇ ಒಂದಿಷ್ಟು ತಿದ್ದಿಕೊಂಡರು.

1980ರ ಬೊಂಬಾಯಿ ಜಾಝ್ ಉತ್ಸವದಲ್ಲಿ ಇವರನ್ನು ಕೇಳಿದ ಅಮೆರಿಕದ ಜಾನ್ ಹ್ಯಾಂಡಿ, ತಾವಾಗಿ ಕೇಳಿಕೊಂಡು ಜೊತೆಗೆ ನುಡಿಸಿದರು. ಜಾಝ್‌ನವರ ನಂಟು ಅಲ್ಲಿಗೇ ಮುಗಿಯಲಿಲ್ಲ. ಅಮೆರಿಕದಲ್ಲಿ ಬೆಳೆದ ಕನ್ನಡ ಮನೆತನದ ಜಾಝ್ ವಾದಕ ರುದ್ರೇಶ್ ಮಹಾಂತಪ್ಪನಿಗೆ ಅಣ್ಣ ತಮಾಷೆಗೆಂದು ಕೊಟ್ಟದ್ದು ಕದ್ರಿಯವರ ರೆಕಾರ್ಡು. ತಮಾಷೆ ನಿಜವಾಯ್ತು! 2008ರಲ್ಲಿ ಇಬ್ಬರೂ ಸೇರಿ ‘ಕಿನ್ಸ್‌ಮೆನ್’ ತಂದರು, ನೆಂಟರು ಎಂದರ್ಥ.

1994ರಲ್ಲಿ ಲಂಡನ್ನಿನ ಆಲ್ಬರ್ಟ್ ಹಾಲ್, 2004ರಲ್ಲಿ ಪದ್ಮಶ್ರೀ. ಇಷ್ಟಾದರೂ ಗೋಪಾಲನಾಥರು ಜಾಝ್‌ನವರಾಗಲಿಲ್ಲ. ಅವರೊಡನೆ ಕೂತಾಗಲೂ ನುಡಿಸಿದ್ದು ತಮ್ಮ ಕರ್ನಾಟಕ ಸಂಗೀತವನ್ನೇ. 2019ರ ಅಕ್ಟೋಬರ್ 11ರಂದು ಮಂಗಳೂರಿನಲ್ಲಿ ತೀರಿಕೊಂಡರು.